ಶಟ್‌ಡೌನ್ ಆದರೆ ಕಂಪನಿ ಕೈ ಹಿಡಿಯುತ್ತಾ?

ನಿಮ್ಮ ಪ್ರಶ್ನೆ ಇದು: "ಅಕ್ಕಾ, ಎಚ್-1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ವರ್ಜೀನಿಯಾಕ್ಕೆ ಬರ್ತಿದ್ದೀನಿ. ಕಂಪನಿ ಖಾಸಗಿಯದು, ಪ್ರಾಜೆಕ್ಟ್ ಮಾತ್ರ ಫೆಡರಲ್, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯದು. ಸರ್ಕಾರ ಶಟ್‌ಡೌನ್ ಆದ್ರೆ ಸಂಬಳ ನಿಲ್ಲುತ್ತಾ?" ಅಕ್ಕ ಅಂದಿದ್ದೀರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಕಾನೂನಿನ ಪ್ರಕಾರ ನಿಲ್ಲಬಾರದು. ಉಳಿದದ್ದೆಲ್ಲ ಕಂಪನಿ ಎಂಥದ್ದು ಅನ್ನುವುದರ ಮೇಲೆ ನಿಂತಿದೆ.

ಇಲ್ಲಿ ಸರ್ಕಾರದ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಇಲಾಖೆಗಳು ತುರ್ತಲ್ಲದ ಕೆಲಸ ನಿಲ್ಲಿಸಬೇಕು. ಇದೇ ಶಟ್‌ಡೌನ್. ನಮ್ಮೂರ ಬಂದ್ ತರಹ ಸಂಜೆ ಆರಕ್ಕೆ ಮುಗಿಯುವುದಿಲ್ಲ. 2013ರಲ್ಲಿ 16 ದಿನ ನಡೆಯಿತು. 2018ರ ಡಿಸೆಂಬರಿನಲ್ಲಿ ಶುರುವಾದದ್ದು 35 ದಿನ. 2025ರದ್ದು ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಎಳೆಯಿತು.

ನೇರ ಸರ್ಕಾರಿ ನೌಕರರಿಗೆ ನಿಂತ ಸಂಬಳವನ್ನು ಆಮೇಲೆ ಕೊಡಬೇಕು ಎಂದು 2019ರಲ್ಲಿ ಕಾನೂನಾಯಿತು. ಕಂಟ್ರಾಕ್ಟ್ ಕಂಪನಿಗಳಲ್ಲಿ ಇರುವವರಿಗೆ ಅದು ಅನ್ವಯಿಸುವುದಿಲ್ಲ. ಇಲಾಖೆಯಿಂದ ಕೆಲಸ ನಿಲ್ಲಿಸಿ ಅಂತ ಪತ್ರ ಬಂತೆಂದರೆ ಬಿಲ್ಲಿಂಗ್ ಅಲ್ಲಿಗೆ ನಿಂತಿತು. ಆ ದಿನಗಳ ದುಡ್ಡು ಸಾಮಾನ್ಯವಾಗಿ ಹೋದದ್ದೇ. ಹೀಗಾಗಿ ನಷ್ಟ ಯಾರು ಹೊರಬೇಕು ಅನ್ನುವ ಪ್ರಶ್ನೆ ಕಂಪನಿ ಮತ್ತು ಕೆಲಸಗಾರರ ಮಧ್ಯೆ ಬಂದು ಕೂರುತ್ತದೆ.

ಎಚ್-1ಬಿಯವರ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಪ್ರಾಜೆಕ್ಟ್ ಇಲ್ಲ, ಕ್ಲೈಂಟ್ ಬಾಗಿಲು ಹಾಕಿದ ಅಂತ ನಿಮ್ಮನ್ನು ಸಂಬಳವಿಲ್ಲದೆ ಬೆಂಚ್ ಮೇಲೆ ಕೂರಿಸುವ ಹಾಗಿಲ್ಲ. ವೀಸಾ ಅರ್ಜಿಯಲ್ಲಿ ಒಪ್ಪಿಕೊಂಡ ಸಂಬಳ ಕೊಡಲೇಬೇಕು. ನೀವೇ ನಿಮ್ಮ ಸ್ವಂತ ಕಾರಣಕ್ಕೆ ರಜೆ ಕೇಳಿದರೆ ಮಾತ್ರ ಬೇರೆ ಮಾತು. ಕಿಲಾಡಿ ಕಂಪನಿಗಳು ಆಟ ಆಡುವುದು ಇಲ್ಲೇ. ನಾನು ಹಿಂದೆ ಇದ್ದ ಒಂದು ಕಂಪನಿಯ ಎಚ್‌ಆರ್ ಎಲ್ಲರಿಗೂ ಒಂದು ಫಾರಂ ಕಳಿಸಿತ್ತು. "ವೈಯಕ್ತಿಕ ಕಾರಣಕ್ಕಾಗಿ ಸಂಬಳರಹಿತ ರಜೆ ಕೋರುತ್ತೇನೆ" ಅಂತ ಮೊದಲೇ ಟೈಪಾಗಿತ್ತು, ಕೆಳಗೆ ಸಹಿಗೆ ಜಾಗ. ತಾರೀಖನ್ನೂ ಅವರೇ ತುಂಬಿದ್ದರು! ಅಂಥದ್ದು ಬಂದರೆ ಸಹಿ ಹಾಕಬೇಡಿ. ಕೋಪ ಮಾಡಿಕೊಳ್ಳಬೇಡಿ, ಜಗಳವೂ ಬೇಡ. ವಕೀಲರನ್ನು ಕೇಳಿ ಹೇಳುತ್ತೇನೆ ಅನ್ನಿ, ಸಾಕು. ಸಂಬಳ ಹಿಡಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಡಬ್ಲ್ಯುಎಚ್-4 ಅನ್ನುವ ಫಾರಂ ಇದೆ.

ಹಾಗಂತ ಪ್ರಾಜೆಕ್ಟ್ ನಿಂತಿತು ಅಂತ ಕೆಲಸದಿಂದ ತೆಗೆಯುವುದನ್ನು ಈ ಕಾನೂನು ತಡೆಯುವುದಿಲ್ಲ. ತೆಗೆದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ.

ಇನ್ನೊಂದು ಮುಜುಗರವೂ ಇದೆ. ನಿಮ್ಮ ಪಕ್ಕದ ಸೀಟಿನ ಅಮೆರಿಕದವನಿಗೆ ಈ ರಕ್ಷಣೆ ಇಲ್ಲ. ಅವನು ಸಂಬಳವಿಲ್ಲದೆ ಮನೆಗೆ ಹೋಗಬಹುದು, ನಿಮಗೆ ಸಂಬಳ ಬರುತ್ತಿರುತ್ತದೆ. ಕಂಪನಿ ಬಾಯಿ ಬಿಡದಿದ್ದರೆ ಗುಸುಗುಸು ಶುರುವಾಗುತ್ತದೆ, ಬೈಗುಳ ನಿಮ್ಮ ಪಾಲಿಗೆ. ಒಳ್ಳೆಯ ಮ್ಯಾನೇಜರ್ ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಯಾರಿಗೆ ಯಾವ ನಿಯಮ ಅಂತ ಬಿಡಿಸಿ ಹೇಳುತ್ತಾನೆ.

ಈಗ ಇರುವ ಕಂಪನಿ 2025ರಲ್ಲಿ ನಡೆದುಕೊಂಡ ರೀತಿ ನನಗೆ ಹಿಡಿಸಿತು. ಸೆಪ್ಟೆಂಬರ್ ಮಧ್ಯದಲ್ಲೇ ಒಂದು ಎಕ್ಸೆಲ್ ಶೀಟ್ ತಯಾರಾಗಿತ್ತು. ಹಣ ಮೊದಲೇ ಮಂಜೂರಾದ ಪ್ರಾಜೆಕ್ಟ್ ಯಾವುದು, ಇಲಾಖೆಯ ಕಟ್ಟಡಕ್ಕೆ ಹೋಗದೆ ಮಾಡಬಹುದಾದ ಕೆಲಸ ಯಾವುದು, ಯಾರನ್ನು ಎಲ್ಲಿಗೆ ಹಾಕಬಹುದು, ಎಲ್ಲ ಅದರಲ್ಲಿತ್ತು. ಕೆಲಸ ಸಿಗದವರಿಗೆ ಸ್ವಲ್ಪ ದಿನ ಟ್ರೈನಿಂಗ್ ಕೊಟ್ಟು ಸಂಬಳ ಕೊಟ್ಟರು. ಆಮೇಲೂ ಸಂಬಳವಿಲ್ಲದೆ ಮನೆಗೆ ಕಳಿಸಬೇಕಾಗಿ ಬಂದ, ಎಚ್-1ಬಿ ಅಲ್ಲದವರ ಆರೋಗ್ಯ ವಿಮೆ ನಿಲ್ಲಿಸಲಿಲ್ಲ. ವಿಮೆ ಕಂತಿನಲ್ಲಿ ನಮ್ಮ ಪಾಲು ಸಂಬಳದಿಂದ ಕಟ್ ಆಗುತ್ತದೆ, ಸಂಬಳವೇ ಇಲ್ಲದಿದ್ದರೆ ಎಲ್ಲಿಂದ ಕಟ್ ಮಾಡುವುದು, ಅಲ್ವಾ? ಆ ಪಾಲನ್ನೂ ಕಂಪನಿಯೇ ಕಟ್ಟಿ, ಅವರು ವಾಪಸ್ ಬಂದ ಮೇಲೆ ತಿಂಗಳು ತಿಂಗಳು ಚೂರುಚೂರು ಹಿಡಿದುಕೊಂಡಿತು. ಮಗುವಿಗೆ ಆಸ್ತಮಾ ಇದ್ದ ಒಬ್ಬ ಸಹೋದ್ಯೋಗಿಗೆ ಸಂಬಳಕ್ಕಿಂತ ಇದೇ ದೊಡ್ಡದಾಗಿತ್ತು. ರಜೆ ಜಾಸ್ತಿ ಉಳಿದವರು ಇಲ್ಲದವರಿಗೆ ದಾನ ಮಾಡಲೂ ದಾರಿ ಮಾಡಿದ್ದರು.

ಮನೆಗೆ ಕಳಿಸಿದವರಿಗೆ ಮೇಲ್ ತೆಗೆಯಬೇಡಿ ಅಂತಲೂ ಹೇಳಿದ್ದರು. ಅದು ಬರೀ ಕಾಳಜಿಯಲ್ಲ. ತಿಂಗಳ ಸಂಬಳದ ನೌಕರ ವಾರದಲ್ಲಿ ಸ್ವಲ್ಪ ಕೆಲಸ ಮಾಡಿದರೂ ಸಾಮಾನ್ಯವಾಗಿ ಆ ವಾರದ ಪೂರ್ತಿ ಸಂಬಳ ಕೊಡಬೇಕಾಗುತ್ತದೆ.

ಬಹಳ ಜನ ಮರೆಯುವುದು ಎಲ್‌ಸಿಎ ವಿಷಯ. ಸಂಬಳ ಎಷ್ಟು, ಕೆಲಸ ಎಲ್ಲಿ ಅಂತ ಕಂಪನಿ ಬರೆದುಕೊಡುವ ಅರ್ಜಿ ಇದು. ಎಚ್-1ಬಿ ಅರ್ಜಿಗೆ ಮೊದಲು ಕಾರ್ಮಿಕ ಇಲಾಖೆ ಇದನ್ನು ಒಪ್ಪಬೇಕು. ವೀಸಾ ಅರ್ಜಿ ನೋಡುವ ಯುಎಸ್‌ಸಿಐಎಸ್ ಶುಲ್ಕದ ದುಡ್ಡಿನಲ್ಲಿ ನಡೆಯುವುದರಿಂದ ಶಟ್‌ಡೌನ್‌ನಲ್ಲೂ ತೆರೆದಿರುತ್ತದೆ. ಕಾರ್ಮಿಕ ಇಲಾಖೆಯ ಆ ವಿಭಾಗ ಮಾತ್ರ 2025ರ ಅಕ್ಟೋಬರ್ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತು. ಎಲ್‌ಸಿಎ ಇಲ್ಲದೆ ಕಂಪನಿ ಬದಲಿಸುವಂತಿಲ್ಲ, ವೀಸಾ ಮುಂದುವರಿಸುವಂತಿಲ್ಲ. ದೂರದ ಊರಿನ ಪ್ರಾಜೆಕ್ಟಿಗೆ ಹಾಕೋಣ ಅಂದರೂ ಅದಕ್ಕೂ ಸಾಮಾನ್ಯವಾಗಿ ಹೊಸ ಎಲ್‌ಸಿಎ ಬೇಕು. ಗ್ರೀನ್ ಕಾರ್ಡಿಗೆ ಮೊದಲು ಅದೇ ಇಲಾಖೆ ಕೊಡಬೇಕಾದ ಪರ್ಮ್ ಅನ್ನುವ ಒಪ್ಪಿಗೆ ಕೂಡ ಅಲ್ಲೇ ನಿಂತಿತ್ತು. ಆರು ತಿಂಗಳು ಮುಂಚೆಯೇ ಎಲ್‌ಸಿಎ ಹಾಕಬಹುದು. ಬುದ್ಧಿ ಇರುವ ಕಂಪನಿ ಸೆಪ್ಟೆಂಬರ್ ಮುಗಿಯುವುದರೊಳಗೆ ಹಾಕಿ ಮುಗಿಸುತ್ತದೆ.

ಇಲ್ಲಿಗೆ ಬಂದ ಮೇಲೆ ಮೂರು ತಿಂಗಳ ಬಾಡಿಗೆ, ಊಟದ ದುಡ್ಡು ಬೇರೆ ತೆಗೆದಿಡಿ. ಹೊಸ ಕಾರಿಗೆ ಅವಸರ ಮಾಡಬೇಡಿ. ನಿರುದ್ಯೋಗ ಭತ್ಯೆ ಎಚ್-1ಬಿಯವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಟಿಕೆಟ್ ಮಾಡುವ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ. 2025ರ ಶಟ್‌ಡೌನ್‌ನಲ್ಲಿ ನಿಮ್ಮ ಪ್ರಾಜೆಕ್ಟಿನ ಜನರಿಗೆ ಏನು ಮಾಡಿದಿರಿ, ವಿಮೆ ಕಂತು ಯಾರು ಕಟ್ಟಿದರು ಅಂತ ಕೇಳಿ. ಫೋನ್‌ನಲ್ಲಿ ಹೇಳುತ್ತೇವೆ ಅಂದರೆ ಆಯಿತು ಅನ್ನಿ. ಫೋನ್ ಇಟ್ಟ ಮೇಲೆ ಅವರು ಹೇಳಿದ್ದನ್ನು ನೀವೇ ಬರೆದು, "ಇದು ಸರಿ ತಾನೇ?" ಅಂತ ಅವರಿಗೇ ಮೇಲ್ ಕಳಿಸಿ.