ಅಟ್ಟದ ಮೇಲಿನ ಆ ಕತೆ ಬರೆದವರು ಯಾರು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಗುಲಾಮಗಿರಿಯಿಂದ ತಪ್ಪಿಸಿಕೊಂಡ ಹ್ಯಾರಿಯೆಟ್ ಜೇಕಬ್ಸ್ ಅವರ ಆತ್ಮಕತೆಯನ್ನು ನಿಜವಾಗಿ ಬರೆದದ್ದು ಲಿಡಿಯಾ ಮರಿಯಾ ಚೈಲ್ಡ್ ಎಂಬ ಬಿಳಿಯ ಲೇಖಕಿ ಅಂತ ಕಾಲೇಜಿನಲ್ಲಿ ಕೇಳಿದ್ದೆ. ಹೌದಾ? ಅಡುಗೆ ಪುಸ್ತಕ, ಮಕ್ಕಳ ಪದ್ಯ ಬರೆಯುತ್ತಿದ್ದ ಈ ಚೈಲ್ಡ್ ಯಾರು? ಮನೆಯಲ್ಲಿ ಆರಾಮಾಗಿ ಕೂತು ಇನ್ನೊಬ್ಬರ ಸಂಕಟ ಬರೆದವರಿಗೆ ಇಷ್ಟೊಂದು ಮರ್ಯಾದೆ ಯಾಕೆ? ಅವರದ್ದು ಏನಾದರೂ ಕನ್ನಡಕ್ಕೆ ತರುವುದಾದರೆ ಎಲ್ಲಿಂದ ಶುರು ಮಾಡಲಿ?’

ಪ್ರಿಯ ಮಿತ್ರರೇ,

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಅದು ಚೈಲ್ಡ್ ಬರೆದದ್ದಲ್ಲ, ಜೇಕಬ್ಸ್ ಅವರೇ ಬರೆದದ್ದು. ಹಾಗಂತ ನಿಮಗೆ ಹೇಳಿದವರನ್ನು ಬೈಯಬೇಡಿ. ಇತಿಹಾಸಕಾರರಲ್ಲೇ ಹಲವರು ಬಹಳ ಕಾಲ ಹಾಗೆ ನಂಬಿದ್ದರು.

ಜೇಕಬ್ಸ್ ಹುಟ್ಟಿದ್ದು 1813ರಲ್ಲಿ, ನಾರ್ತ್ ಕ್ಯಾರೊಲಿನಾದ ಈಡನ್‌ಟನ್ ಎಂಬ ಊರಿನಲ್ಲಿ. ಯಜಮಾನನ ಕಾಟ ತಡೆಯಲಾರದೆ ಓಡಿಹೋದವರು ದೂರವೇನೂ ಹೋಗಲಿಲ್ಲ. ಅದೇ ಊರಲ್ಲಿ, ಸ್ವಂತ ಅಜ್ಜಿಯ ಮನೆಯ ಮಾಡಿನ ಕೆಳಗಿನ ಸಂದಿಯಲ್ಲಿ ಅಡಗಿ ಕೂತರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಎತ್ತರ, ಜಾಸ್ತಿ ಅಂದರೆ ಮೂರು ಅಡಿ. ಎದ್ದು ನಿಲ್ಲಲಿಕ್ಕೆ ಆಗದ ಆ ಜಾಗದಲ್ಲಿ ಹತ್ತಿರ ಹತ್ತಿರ ಏಳು ವರ್ಷ ಕಳೆದರು. ಹಲಗೆಯಲ್ಲಿ ಕೊರೆದುಕೊಂಡ ಕಿಂಡಿಯಿಂದ ಕೆಳಗೆ ಓಡಾಡುವ ತಮ್ಮ ಮಕ್ಕಳನ್ನು ನೋಡುತ್ತಿದ್ದರು. ತಾಯಿ ಇಲ್ಲೇ ಮೇಲಿದ್ದಾಳೆ ಅಂತ ಮಕ್ಕಳಿಗೆ ಹೇಳುವ ಹಾಗಿರಲಿಲ್ಲ. 1842ರಲ್ಲಿ ಅಲ್ಲಿಂದ ಹಡಗು ಹತ್ತಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ತಪ್ಪಿಸಿಕೊಂಡರು.

ಮುಂದೆ ಆ ಕತೆಯನ್ನು ತಾವೇ ಬರೆದರು. ಮನೆಗೆಲಸ ಮಾಡಿಕೊಂಡು, ಬಿಡುವು ಸಿಕ್ಕಾಗ. ಪ್ರಕಾಶಕರು ಒಂದು ಷರತ್ತು ಹಾಕಿದರು: ಮುನ್ನುಡಿ ಚೈಲ್ಡ್ ಅವರದ್ದಿರಬೇಕು. ಚೈಲ್ಡ್ ಒಪ್ಪಿಕೊಂಡರು. ಅಷ್ಟರಲ್ಲಿ ಪ್ರಕಾಶಕರೇ ದಿವಾಳಿ! ಜೇಕಬ್ಸ್ ಅಚ್ಚಿನ ಪ್ಲೇಟುಗಳನ್ನು ತಾವೇ ಕೊಂಡು 1861ರಲ್ಲಿ ಬಾಸ್ಟನ್ನಿನಿಂದ ಪುಸ್ತಕ ಹೊರತಂದರು. ಒಳಗೆ ತಮ್ಮ ಹೆಸರನ್ನು ‘ಲಿಂಡಾ ಬ್ರೆಂಟ್’ ಅಂತ ಬದಲಿಸಿಕೊಂಡಿದ್ದರು. ಹೀಗಾಗಿ ಮುಖಪುಟದಲ್ಲಿ ಜನಕ್ಕೆ ಕಂಡ ನಿಜವಾದ ಹೆಸರು ಸಂಪಾದಕಿ ಚೈಲ್ಡ್ ಅವರದ್ದು ಮಾತ್ರ. ಗೊಂದಲ ಶುರುವಾದದ್ದು ಇಲ್ಲಿಂದ. ‘ಸ್ವತಃ ಅವಳೇ ಬರೆದದ್ದು’ ಎಂದು ಮುಖಪುಟದಲ್ಲೇ ಅಚ್ಚಾಗಿತ್ತು. ಆದರೂ ಗುಲಾಮಳಾಗಿದ್ದ ಹೆಂಗಸು ಇಷ್ಟು ಚೆನ್ನಾಗಿ ಬರೆಯಬಲ್ಲಳು ಅಂತ ಎಷ್ಟೋ ಜನಕ್ಕೆ ನಂಬಲಿಕ್ಕೆ ಆಗಲಿಲ್ಲ, ಅಲ್ವಾ! ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸರು ಜೇಕಬ್ಸ್ ಅವರ ಹಳೆಯ ಕಾಗದಗಳನ್ನು ಹುಡುಕಿ, ಆ ಕೈ ಯಾರದ್ದೆಂದು ತೋರಿಸಿ, 1987ರಲ್ಲಿ ಹೊಸ ಆವೃತ್ತಿ ತಂದ ಮೇಲೆ ವಾದ ನಿಂತಿತು.

ಹಾಗಾದರೆ ಚೈಲ್ಡ್ ಮಾಡಿದ್ದೇನು? ಉದ್ದವಾದಲ್ಲಿ ಕತ್ತರಿಸಿದರು, ಘಟನೆಗಳನ್ನು ಒಂದು ಕ್ರಮಕ್ಕೆ ತಂದರು. ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್ ಕುರಿತು ಕೊನೆಯಲ್ಲಿದ್ದ ಅಧ್ಯಾಯ ಬೇಡ, ಅಜ್ಜಿಯ ಸಾವಿನೊಂದಿಗೆ ಮುಗಿಸಿ ಅಂತ ಸಲಹೆ ಕೊಟ್ಟರು. ಕತೆ ಬಿಗಿಯಾಯಿತು, ನಿಜ. ಆದರೆ ಒಬ್ಬ ಕಪ್ಪು ಹೆಂಗಸು ಜಾನ್ ಬ್ರೌನ್ ಬಗ್ಗೆ ಬರೆದ ಅಧ್ಯಾಯ ನಮಗೆ ಸಿಗದೇ ಹೋಯಿತು. ಸಂಪಾದಕನಾಗಿ ಹೇಳುತ್ತೇನೆ, ಅದನ್ನು ಇಟ್ಟುಕೊಳ್ಳಬೇಕಿತ್ತು.

ಈಗ ಪ್ರಕಾಶಕರು ಹಟ ಹಿಡಿದು ಕೇಳಿದ ಆ ಹೆಸರಿನ, ಅಂದರೆ ಚೈಲ್ಡ್ ಅವರ ವಿಷಯ. 1802ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಊರಿನ ಬೇಕರಿಯವರ ಮನೆಯಲ್ಲಿ ಹುಟ್ಟಿದ ಹುಡುಗಿ. ಹನ್ನೆರಡಕ್ಕೆ ತಾಯಿ ತೀರಿಕೊಂಡರು. ಅಣ್ಣ ಹಾರ್ವರ್ಡಿನಲ್ಲಿ ಓದಿದ. ಹಾರ್ವರ್ಡ್ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ, 1824ರಲ್ಲಿ, ‘ಹೋಬೊಮಾಕ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಬಿಳಿಯ ಹುಡುಗಿ ಮೂಲನಿವಾಸಿ ಗಂಡಸನ್ನು ಮದುವೆಯಾಗುತ್ತಾಳೆ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. 1826ರಲ್ಲಿ ಮಕ್ಕಳಿಗಾಗಿ ದ್ವೈಮಾಸಿಕ ಪತ್ರಿಕೆ ಶುರು ಮಾಡಿದರು. ಅಂಥದ್ದು ಅಮೆರಿಕದಲ್ಲಿ ಹೊಸತು, ಚೆನ್ನಾಗಿ ಓಡಿತು.

1828ರಲ್ಲಿ ಮದುವೆ. ಗಂಡ ಡೇವಿಡ್ ಲೀ ಚೈಲ್ಡ್ ವಕೀಲ, ಆದರ್ಶವಾದಿ, ಮತ್ತು ಸಾಲಗಾರ. ಮುಂದೊಮ್ಮೆ ಗುಲಾಮರ ಬೆವರಿನ ಕಬ್ಬಿನ ಸಕ್ಕರೆಗೆ ಬದಲಾಗಿ ಬೀಟ್‌ನಿಂದ ಸಕ್ಕರೆ ತೆಗೆಯುತ್ತೇನೆಂದು ನಾರ್ತ್‌ಹ್ಯಾಂಪ್ಟನ್ನಿನಲ್ಲಿ ಬೇಸಾಯಕ್ಕೆ ಇಳಿದರು. ಯೋಚನೆ ಒಳ್ಳೆಯದೇ. ಇದ್ದ ದುಡ್ಡೆಲ್ಲ ಅದರಲ್ಲೇ ಹೋಯಿತು. ಮನೆ ನಡೆದದ್ದು ಬಹುಪಾಲು ಹೆಂಡತಿಯ ಪೆನ್ನಿನಿಂದ.

ನೀವು ಹೇಳಿದ ಅಡುಗೆ ಪುಸ್ತಕ, ‘ದಿ ಫ್ರೂಗಲ್ ಹೌಸ್‌ವೈಫ್’, ಬಂದದ್ದು 1829ರಲ್ಲಿ. ಮಿತವ್ಯಯಕ್ಕೆ ನಾಚದವರಿಗೆ ಅಂತ ಅರ್ಪಣೆ. ಮೊದಲ ಸಾಲಲ್ಲೇ, ಸಾಮಾನಿನ ಚೂರುಗಳ ಹಾಗೆ ಸಮಯದ ಚೂರುಗಳನ್ನೂ ಕೂಡಿಡಿ ಅನ್ನುತ್ತಾರೆ. ಆಳುಕಾಳು ಇಲ್ಲದ ಸಾಮಾನ್ಯ ಮನೆಗಳಿಗೆ ಬರೆದ ಪುಸ್ತಕ. ಮೂವತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಇದನ್ನು ಹಗುರವಾಗಿ ಕಾಣಬೇಡಿ ಅನ್ನುವುದು ನನ್ನ ಬೇಡಿಕೆ. ದೇಶದ ಅಡುಗೆಮನೆಗಳು ನಂಬಿದ ಹೆಂಗಸು ಅವರು. ಕಳೆದುಕೊಳ್ಳಲಿಕ್ಕೆ ಅವರ ಹತ್ತಿರ ಇದ್ದದ್ದು ಆ ನಂಬಿಕೆಯೇ.

1833ರಲ್ಲಿ ಅದನ್ನು ಕಳೆದುಕೊಂಡರು. ಗುಲಾಮಗಿರಿ ವಿರೋಧಿ ಚಳವಳಿಯ ಮುಂದಾಳು ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಮಾತಿನಿಂದ ಆ ಚಳವಳಿಗೆ ಬಂದಿದ್ದ ಚೈಲ್ಡ್ ಆ ವರ್ಷ ‘ಆಫ್ರಿಕನ್ನರೆಂದು ಕರೆಸಿಕೊಳ್ಳುವ ಅಮೆರಿಕನ್ನರ ಪರವಾಗಿ ಒಂದು ಮನವಿ’ ಎಂಬ ಪುಸ್ತಕ ತಂದರು. ಶೀರ್ಷಿಕೆಯಲ್ಲೇ ವಾದ ಇದೆ ನೋಡಿ: ಇವರು ಅಮೆರಿಕನ್ನರು. ಗುಲಾಮಗಿರಿಯ ಇತಿಹಾಸ, ಅದರ ಲೆಕ್ಕಾಚಾರ, ರಾಜಕೀಯ ಎಲ್ಲ ಬರುತ್ತದೆ. ಗುಲಾಮರನ್ನು ಕೂಡಲೇ ಬಿಡುಗಡೆ ಮಾಡಿ, ಕಪ್ಪು ಜನರನ್ನು ಆಫ್ರಿಕಕ್ಕೆ ಸಾಗಹಾಕುವ ಯೋಜನೆ ಬಿಡಿ ಅನ್ನುತ್ತಾರೆ. ಇಷ್ಟೇ ಆಗಿದ್ದರೆ ಬಾಸ್ಟನ್ ಸಹಿಸಿಕೊಳ್ಳುತ್ತಿತ್ತೇನೋ. ದಕ್ಷಿಣದವರನ್ನು ಬೈದರೆ ಉತ್ತರದವರಿಗೆ ಏನು ನಷ್ಟ? ಆದರೆ ಕೊನೆಯ ಅಧ್ಯಾಯದಲ್ಲಿ ಚೈಲ್ಡ್ ತಮ್ಮ ಊರಿನ ಕಡೆಗೇ ತಿರುಗುತ್ತಾರೆ. ನಮ್ಮ ಶಾಲೆಗಳಲ್ಲಿ ಕಪ್ಪು ಮಕ್ಕಳಿಗೆ ಜಾಗ ಇದೆಯಾ? ಚರ್ಚಿನಲ್ಲಿ, ಗಾಡಿಗಳಲ್ಲಿ ಅವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತೇವಾ? ಕಪ್ಪು–ಬಿಳಿಯರ ಮದುವೆಗೆ ನಮ್ಮ ಮ್ಯಾಸಚೂಸೆಟ್ಸ್ ಕಾನೂನು ಅಡ್ಡ ಯಾಕೆ? ಆ ಕಾನೂನು ರದ್ದಾಗಲು 1843 ಬರಬೇಕಾಯಿತು.

(ಸುಮ್ನೆ ಒಂದು ಮಾತು. ಬ್ರಿಟಿಷ್ ಸಂಸತ್ತು ಗುಲಾಮಗಿರಿ ನಿಲ್ಲಿಸುವ ಕಾಯ್ದೆ ಮಾಡಿದ್ದೂ ಅದೇ 1833ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಮಾತ್ರ ಅದರಿಂದ ಹೊರಗಿಟ್ಟರು. ನಮ್ಮ ದೇಶಕ್ಕೆ ಅಂಥ ಕಾಯ್ದೆ ಬಂದದ್ದು 1843ರಲ್ಲಿ.)

ಪುಸ್ತಕ ಬಂದದ್ದೇ ತಡ, ಮಕ್ಕಳ ಪತ್ರಿಕೆಯ ಚಂದಾದಾರರು ಒಬ್ಬೊಬ್ಬರಾಗಿ ಚಂದಾ ನಿಲ್ಲಿಸಿದರು. 1834ರಲ್ಲಿ ಚೈಲ್ಡ್ ಸಂಪಾದಕತ್ವ ಬಿಡಬೇಕಾಯಿತು. ಗೃಹಿಣಿಯರ ಪುಸ್ತಕಗಳ ಮಾರಾಟವೂ ಬಿತ್ತು. ಅದೇ ಮನೆಗಳು, ಅದೇ ತಾಯಂದಿರು. ನಿನ್ನೆಯವರೆಗೆ ಮಕ್ಕಳ ಕೈಗೆ ಇವರ ಕತೆ ಕೊಡುತ್ತಿದ್ದವರು. ಪತ್ರಿಕೆ ನಡೆಸುವ ನನಗೆ ಅವರ ಬದುಕಿನಲ್ಲಿ ಜಾಸ್ತಿ ಕಾಡುವ ಭಾಗ ಇದೇ. ನಿಮ್ಮ ‘ಆರಾಮಾಗಿ ಕೂತು’ ಎಂಬ ಮಾತನ್ನು ಅದಕ್ಕೇ ಒಪ್ಪಲಾರೆ. ಮುನ್ನುಡಿಯಲ್ಲೇ ಅವರು ನಿಂದೆ, ಗೇಲಿ ಬರುತ್ತದೆಂದು ಗೊತ್ತು, ಅದಕ್ಕೆ ಹೆದರುವುದು ನನ್ನ ಸ್ವಭಾವದಲ್ಲಿಲ್ಲ ಎಂದಿದ್ದರು. ಇನ್ನೊಂದು ಕಡೆ, ಪುಸ್ತಕ ಓದಿದ ಪಾದ್ರಿ ವಿಲಿಯಂ ಎಲರಿ ಚಾನಿಂಗ್ ಬಾಸ್ಟನ್ನಿನಿಂದ ಅವರ ಮನೆಗೆ ನಡೆದುಕೊಂಡೇ ಬಂದರು. ಮುಂದೆ ಚಳವಳಿಯ ದೊಡ್ಡ ದನಿಗಳಾದ ವೆಂಡೆಲ್ ಫಿಲಿಪ್ಸ್, ಚಾರ್ಲ್ಸ್ ಸಮ್ನರ್ ಇಬ್ಬರೂ ಆ ಪುಸ್ತಕದ ಋಣ ನೆನೆದಿದ್ದಾರೆ.

1841ರಿಂದ 1843ರವರೆಗೆ ನ್ಯೂಯಾರ್ಕಿನಲ್ಲಿ ಗುಲಾಮಗಿರಿ ವಿರೋಧಿ ಸಂಘದ ವಾರಪತ್ರಿಕೆ ನಡೆಸಿದರು. ಸಾಮಾನ್ಯ ಮನೆಯವರೂ ಓದುವ ಹಾಗಿರಲಿ ಎಂಬುದು ಇವರ ಆಸೆ, ಇನ್ನೂ ಖಾರವಾಗಿರಲಿ ಎಂಬುದು ಸಂಗಾತಿಗಳ ಹಟ. ಬಿಟ್ಟು ಬಂದರು. ಅಜ್ಜನ ಮನೆಗೆ ಹೋಗುವ ಆ ಮಕ್ಕಳ ಪದ್ಯ 1844ರದ್ದು, ಅಮೆರಿಕದಲ್ಲಿ ಇವತ್ತಿಗೂ ಹಾಡುತ್ತಾರೆ. 1855ರಲ್ಲಿ ಲೋಕದ ಧರ್ಮಗಳ ಬಗ್ಗೆ ಮೂರು ಸಂಪುಟ ತಂದರು. ಅದು ಶುರುವಾಗುವುದೇ ಹಿಂದೂಸ್ತಾನದಿಂದ. ಅವರಿಗೆ ಸಂಸ್ಕೃತ ಬರುತ್ತಿರಲಿಲ್ಲ, ಅನುವಾದಗಳನ್ನು ಓದಿಯೇ ಬರೆದದ್ದು. ಆದರೂ ಕ್ರೈಸ್ತ ಧರ್ಮವನ್ನು ಮೇಲಿಟ್ಟು ಉಳಿದವನ್ನು ಕೆಳಗಿಡದೆ ನೋಡಬೇಕೆಂಬ ಹಂಬಲ ಅದರಲ್ಲಿದೆ.

ಇನ್ನು ಅವರ ಕೊರತೆ. ಮುಚ್ಚಿಡುವುದು ಬೇಡ. ಅವರ ಕತೆಗಳ ಗುಲಾಮ ನಾಯಕಿಯರು ಹೆಚ್ಚಾಗಿ ಬಿಳಿಚು ಮೈಬಣ್ಣದವರು, ಸುಂದರಿಯರು. ಬಿಳಿಯ ಓದುಗರ ಕಣ್ಣೀರು ಸುಲಭವಾಗಿ ಬರಲಿ ಅಂತ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1865ರಲ್ಲಿ, ಬಿಡುಗಡೆಯಾದವರಿಗೆ ಓದು ಕಲಿಯಲು ಒಂದು ಪುಸ್ತಕ ಮಾಡಿದರು. ಟೂಸಾನ್ ಲೂವರ್ತ್ಯೂರ್, ಫಿಲಿಸ್ ವೀಟ್ಲಿ, ಫ್ರೆಡರಿಕ್ ಡಗ್ಲಸ್ ಅವರಂಥ ಕಪ್ಪು ನಾಯಕರ, ಲೇಖಕರ ಬದುಕು ಅದರಲ್ಲಿದೆ. ಒಳ್ಳೆಯ ಕೆಲಸ. ಆದರೆ ಮನೆ ಚೊಕ್ಕವಾಗಿಡಿ, ಪ್ರಾಣಿಗಳನ್ನು ಹೊಡೆಯಬೇಡಿ ಅಂತ ಹಿರಿಯಕ್ಕನ ಬುದ್ಧಿಮಾತೂ ಜೊತೆಗಿದೆ. ತಲೆಮಾರುಗಟ್ಟಲೆ ಇನ್ನೊಬ್ಬರ ಮನೆ ಚೊಕ್ಕ ಮಾಡಿದವರಿಗೆ ಆ ಪಾಠ! ಜೇಕಬ್ಸ್ ಬರಹದ ಪಕ್ಕದಲ್ಲಿಟ್ಟು ಓದಿದರೆ ಈ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಕೊನೆಯ ಪ್ರಶ್ನೆ, ಅನುವಾದ. ನನ್ನ ಸಲಹೆ: ಕಾದಂಬರಿ ಬೇಡ, ಒಂದು ಕಾಗದದಿಂದ ಶುರು ಮಾಡಿ. 1859ರ ಅಕ್ಟೋಬರಿನಲ್ಲಿ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ, ಗಾಯಗೊಂಡು ಸೆರೆಯಾದರು. ಐವತ್ತೇಳರ ಚೈಲ್ಡ್ ವರ್ಜೀನಿಯಾದ ಗವರ್ನರ್ ವೈಸ್ ಅವರಿಗೆ ಬರೆದರು: ಜೈಲಿಗೆ ಬಂದು ಅವರ ಆರೈಕೆ ಮಾಡಲು ಬಿಡಿ. ಬ್ರೌನ್ ಮಾತ್ರ ಬರಬೇಡಿ ಎಂದರು. ಅದರ ಬದಲು ನನ್ನ ಹೆಂಡತಿ, ಹೆಣ್ಣುಮಕ್ಕಳು, ಸೊಸೆಯರಿಗೆ ಸ್ವಲ್ಪ ಹಣ ಕೂಡಿಸಿಕೊಡಿ ಎಂದು ಕೇಳಿಕೊಂಡರು. ಡಿಸೆಂಬರ್ 2ರಂದು ಅವರನ್ನು ಗಲ್ಲಿಗೇರಿಸಿದರು.

ಈ ಪತ್ರಗಳು ಅಚ್ಚಾದ ಮೇಲೆ ವರ್ಜೀನಿಯಾದಿಂದ ಶ್ರೀಮತಿ ಮೇಸನ್ ಎಂಬವರ ಸಿಟ್ಟಿನ ಕಾಗದ ಬಂತು. ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ 1850ರ ಕಾಯ್ದೆ ಬರೆದ ಸೆನೆಟರ್ ಮೇಸನ್ ಅವರ ಹೆಂಡತಿ. ನೀವು ಬೈಬಲ್ ಓದುತ್ತೀರಾ, ನಾವು ನಮ್ಮ ಆಳುಗಳ ಬಾಣಂತನ ಮಾಡುತ್ತೇವೆ, ನೀವು ಮಾಡುತ್ತೀರಾ ಅಂತ ತರಾಟೆ. ಚೈಲ್ಡ್ ಉದ್ದಕ್ಕೂ ತಣ್ಣಗೆ ಉತ್ತರ ಬರೆದರು. ಬೈಬಲಿನ ಸಾಲುಗಳು, ದಕ್ಷಿಣದವರದ್ದೇ ಕಾನೂನುಗಳು, ಸಾಕ್ಷಿಗಳು. ಬಾಣಂತನದ ಮಾತಿಗೆ ಬಂದಾಗ ಹೀಗೆ: ಇಲ್ಲಿ ಹೆರಿಗೆಗೆ ನೆರವು ಸಿಗದೇ ಹೋದದ್ದನ್ನು ನಾನು ಕಂಡಿಲ್ಲ; ಮತ್ತೆ ಇಲ್ಲಿ ಉತ್ತರದಲ್ಲಿ, ತಾಯಂದಿರಿಗೆ ನೆರವಾದ ಮೇಲೆ ನಾವು ಕೂಸುಗಳನ್ನು ಮಾರುವುದಿಲ್ಲ.

ಈ ಪತ್ರವ್ಯವಹಾರವನ್ನು ಗುಲಾಮಗಿರಿ ವಿರೋಧಿ ಸಂಘವು 1860ರಲ್ಲಿ ಕಿರುಪುಸ್ತಕವಾಗಿ ತಂದಿತು. 3 ಲಕ್ಷ ಪ್ರತಿ ಹಂಚಿಕೆಯಾಯಿತು. ಹಕ್ಕುಸ್ವಾಮ್ಯದ ತೊಂದರೆ ಈಗ ಇಲ್ಲ. ಗವರ್ನರ್, ಬ್ರೌನ್, ಮೇಸನ್, ಚೈಲ್ಡ್ ನಾಲ್ವರ ಕಾಗದಗಳನ್ನೂ ಸೇರಿಸಿ ಅನುವಾದಿಸಿ. ಮೇಸನ್ ಅವರದ್ದನ್ನು ಮೊಟಕು ಮಾಡಬೇಡಿ, ಅದು ಪೂರ್ತಿ ಇದ್ದರೇ ಉತ್ತರದ ರುಚಿ ಗೊತ್ತಾಗುವುದು. ಕಳಿಸಿಕೊಡಿ, ನಮ್ಮಲ್ಲಿ ಎರಡು ಕಂತಿಗೆ ಜಾಗ ಮಾಡುತ್ತೇನೆ.

– ಸಂಪಾದಕ