ಏಪ್ರಿಲ್ ತಿಂಗಳ ಚೀಸ್ ಬೋರ್ಡ್: ತಿನ್ನುವ ದಿನದಿಂದ ಹಿಂದಕ್ಕೆ ಎಣಿಸಿ

ನಮಸ್ಕಾರ. ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನ ನಿಮ್ಮ ಮನೆಗೆ ಏಪ್ರಿಲ್ ಕೊನೆಯ ಶನಿವಾರ ಹತ್ತು ಜನ ಬರುತ್ತಾರೆ, ಊಟವಾದ ಮೇಲೆ ಚೀಸ್ ಬೋರ್ಡ್, ಅಂದರೆ ಬಗೆಬಗೆಯ ಚೀಸ್ ಜೋಡಿಸಿದ ಹಲಗೆ, ಇಡಬೇಕು. ನಾಲ್ವರು ಶುದ್ಧ ಸಸ್ಯಾಹಾರಿಗಳು, ಒಬ್ಬರು ಬಸುರಿ. ಕ್ರಿಸ್‌ಮಸ್‌ಗೆ ಇಟ್ಟಿದ್ದ ಸ್ಟಿಲ್ಟನ್, ಬ್ರೀ, ಮೋಂ ದೋರ್‌ಗಳನ್ನೇ ಮತ್ತೆ ತರಬೇಕೇ, ವಸಂತಕ್ಕೆಂದೇ ಬೇರೆ ಏನಾದರೂ ಇದೆಯೇ? ಮೇಲೆ ಒಬ್ಬರು, ಚೀಸ್‌ಗೆ ಎಂಥ ಸೀಸನ್, ವರ್ಷವಿಡೀ ಎಲ್ಲವೂ ಸಿಗುತ್ತದಲ್ಲ ಎಂದು ಬರೆದಿದ್ದಾರೆ. ಸಿಗುವುದೇನೋ ನಿಜ. ಆದರೆ ಒಂದೇ ಹೆಸರಿನ ಚೀಸ್ ಜನವರಿಯಲ್ಲೂ ಮೇ ತಿಂಗಳಲ್ಲೂ ಒಂದೇ ರುಚಿ ಕೊಡುವುದಿಲ್ಲ.

ಕಾರಣ ಸರಳ. ಚೀಸ್‌ನ ರುಚಿಯನ್ನು ತೀರ್ಮಾನಿಸುವುದು ಹಾಲು ಕರೆದ ತಿಂಗಳು ಮತ್ತು ಅದು ಮಾಗಿದ ಅವಧಿ. ಹಾಗಾಗಿ ತಿನ್ನುವ ದಿನದಿಂದ ಮಾಗಿದ ಅವಧಿಯನ್ನು ಕಳೆಯಿರಿ. ಏಪ್ರಿಲ್ ಕೊನೆಗೆ ಮೂರು ವಾರ ವಯಸ್ಸಾದ ಮೇಕೆ ಚೀಸ್ ಎಂದರೆ ಏಪ್ರಿಲ್ ಮೊದಲ ವಾರದ ಹಾಲು, ಹೊಸ ಚಿಗುರು ಮೇಯತೊಡಗಿದ ಕಾಲದ್ದು. ಅದೇ ದಿನ ಫ್ರಾನ್ಸಿನ ಗಟ್ಟಿ ಚೀಸ್ ಕೊಂತೆ, 22 ತಿಂಗಳದ್ದು, ಇಟ್ಟರೆ ಅದು ಹೋದ ವರ್ಷಕ್ಕೂ ಹಿಂದಿನ ಜೂನ್ ತಿಂಗಳ, ಹಸಿ ಹುಲ್ಲಿನ ಹಾಲು. 16 ತಿಂಗಳದ್ದಾದರೆ ಡಿಸೆಂಬರಿನದು, ಹಸುಗಳು ಕೊಟ್ಟಿಗೆಯಲ್ಲಿ ಒಣಹುಲ್ಲು ತಿನ್ನುತ್ತಿದ್ದಾಗಿನದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣದಲ್ಲೇ ಗೊತ್ತಾಗುತ್ತದೆ: ಹಸಿ ಹುಲ್ಲಿನ ಕ್ಯಾರೊಟಿನ್‌ನಿಂದ ಜೂನ್ ಚೀಸ್ ಹಳದಿ, ಡಿಸೆಂಬರಿನದು ದಂತದ ಬಿಳುಪು. ಈ ಬಣ್ಣದ ಪರೀಕ್ಷೆ ಹಸುವಿನ ಚೀಸ್‌ಗೆ ಮಾತ್ರ. ಮೇಕೆ, ಕುರಿಗಳು ಕ್ಯಾರೊಟಿನ್ ಅನ್ನು ವಿಟಮಿನ್ ಎ ಮಾಡಿಕೊಂಡುಬಿಡುವುದರಿಂದ ಅವುಗಳ ಚೀಸ್ ಯಾವಾಗಲೂ ಬಿಳಿ.

ಇದೇ ಲೆಕ್ಕದಲ್ಲಿ ನಿಮ್ಮ ಕ್ರಿಸ್‌ಮಸ್ ಪಟ್ಟಿ ನೋಡಿ. ಡಿಸೆಂಬರಿನ ಸ್ಟಿಲ್ಟನ್ ಚೆನ್ನಾಗಿರುವುದು ಅದು ಸೆಪ್ಟೆಂಬರ್ ಹಾಲಿನದು ಎಂಬ ಕಾರಣಕ್ಕೆ. ಏಪ್ರಿಲ್‌ನದು ನಡುಚಳಿಗಾಲದ ಹಾಲು. ಕೆಟ್ಟದ್ದಲ್ಲ, ಆದರೆ ಅದರ ಒಳ್ಳೆಯ ಕಾಲವೂ ಅಲ್ಲ. ಫ್ರಾನ್ಸಿನ ಮೋಂ ದೋರ್ ಅನ್ನು ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ ಮಾಡಬಹುದು, ಮೇ 10ರವರೆಗೆ ಮಾತ್ರ ಮಾರಬಹುದು. ಏಪ್ರಿಲ್ ಕೊನೆಯಲ್ಲಿ ಸಿಗುವುದು ಕೊನೆಯ ಸರಕು, ಹಲವು ಸಲ ಅತಿಯಾಗಿ ಮಾಗಿದ್ದು. ಎರಡನ್ನೂ ಈ ಸಲ ಬಿಡಿ.

ವಸಂತದ ನಿಜವಾದ ಚೀಸ್ ಮೇಕೆಯದು. ಹಗಲು ಚಿಕ್ಕದಾಗುತ್ತ ಬಂದಾಗ ಮೇಕೆಗಳು ಬೆದೆಗೆ ಬರುತ್ತವೆ, ಐದು ತಿಂಗಳ ಗರ್ಭ, ಫೆಬ್ರವರಿ-ಮಾರ್ಚ್‌ನಲ್ಲಿ ಮರಿ. ಗಿಣ್ಣುಹಾಲು ಮತ್ತು ಮೊದಮೊದಲ ಹಾಲು ಮರಿಗಳಿಗೆ, ಆಮೇಲಿನದು ಚೀಸ್‌ಗೆ. ದೊಡ್ಡ ಡೈರಿಗಳು ಕೊಟ್ಟಿಗೆಯಲ್ಲಿ ದೀಪದ ಬೆಳಕು ಹೆಚ್ಚು-ಕಡಿಮೆ ಮಾಡಿ ಬೇರೆ ಬೇರೆ ತಿಂಗಳಲ್ಲಿ ಮರಿ ಹಾಕಿಸುತ್ತವೆ, ಕೆಲವರು ಗರಣೆಯನ್ನೇ (ಒಡೆದ ಹಾಲಿನ ಗಟ್ಟಿ ಭಾಗ) ಫ್ರೀಜ್ ಮಾಡಿಟ್ಟು ಚಳಿಗಾಲದಲ್ಲಿ ಬಳಸುತ್ತಾರೆ. ಅದಕ್ಕೇ ಅಂಗಡಿಯಲ್ಲಿ ವರ್ಷವಿಡೀ ಸಿಗುವುದು. ಫ್ರೀಜ್ ಆದ ಗರಣೆಯ ಚೀಸ್ ನಾಲಿಗೆಗೆ ಸ್ವಲ್ಪ ಮರಳುಮರಳು ಅನ್ನಿಸುತ್ತದೆ. ವಸಂತದ ತಾಜಾ ಗರಣೆಯದು ನುಣುಪು, ನಿಂಬೆಯಂಥ ತಿಳಿ ಹುಳಿ.

ಈ ಬಗೆಯ ಹೆಸರಾಂತ ಚೀಸ್‌ಗಳು ಫ್ರಾನ್ಸಿನ ಲ್ವಾರ್ ಕಣಿವೆಯವು. ಸೇಂಟ್ ಮೋರ್ ದ ತುರೇನ್ ಉದ್ದನೆಯ ದಿಂಡು, ನಡುವೆ ಒಂದು ಹುಲ್ಲುಕಡ್ಡಿ. ವಲಾನ್ಸೇ ತಲೆ ಕತ್ತರಿಸಿದ ಪಿರಮಿಡ್. ಸೆಲ್ ಸ್ಯುರ್ ಶೇರ್ ಸುಮಾರು 150 ಗ್ರಾಂನ ಬಿಲ್ಲೆ. ಮೂರಕ್ಕೂ ಮೇಲೆ ಇದ್ದಿಲಿನ ಬೂದಿ. ಬೂದಿ ಅಲಂಕಾರಕ್ಕಲ್ಲ: ಮೇಲ್ಮೈಯ ಹುಳಿಯನ್ನು ತಗ್ಗಿಸಿ, ಒಳ್ಳೆಯ ಬೂಷ್ಟು ಸಮನಾಗಿ ಹಿಡಿಯಲು ನೆಲ ಸಿದ್ಧ ಮಾಡುತ್ತದೆ.

ಕೊಳ್ಳುವಾಗ ಸಿಪ್ಪೆ ನೋಡಿ. ತೆಳ್ಳಗೆ ಸುಕ್ಕುಗಟ್ಟಿ ಒಳಭಾಗಕ್ಕೆ ಅಂಟಿಕೊಂಡಿರಬೇಕು. ಅಲ್ಲಲ್ಲಿ ನೀಲಿ ಚುಕ್ಕೆ ಇದ್ದರೆ ಚಿಂತೆಯಿಲ್ಲ. ಸಿಪ್ಪೆ ಸಡಿಲವಾಗಿ ಜಾರುತ್ತಿದ್ದು ಅಡಿಯಲ್ಲಿ ನೀರುನೀರಾಗಿದ್ದರೆ, ಗರಣೆಯ ನೀರು ಸರಿಯಾಗಿ ಬಸಿಯುವ ಮೊದಲೇ ಬೆಚ್ಚಗಿನ ಜಾಗದಲ್ಲಿ ಬೂಷ್ಟು ಅತಿಯಾಗಿ ಬೆಳೆದಿದೆ ಎಂದರ್ಥ, ಅದು ಕಹಿ. ಅಮೋನಿಯಾ ವಾಸನೆ ಹೊಡೆದರೆ ಕಾಗದ ಬಿಚ್ಚಿ ಅರ್ಧ ಗಂಟೆ ಗಾಳಿಗೆ ಇಡಿ. ಪ್ಯಾಕೆಟ್ಟಿನಲ್ಲಿ ಉಸಿರುಗಟ್ಟಿ ಬಂದ ವಾಸನೆಯಾದರೆ ಹೋಗುತ್ತದೆ, ಹೋಗದಿದ್ದರೆ ಹಿಂದಿರುಗಿಸಿ.

ಈಗ ನಿಮ್ಮ ಮನೆಯ ಮಟ್ಟಿಗೆ ಮುಖ್ಯವಾದ ಮಾತು, ರೆನೆಟ್, ಅಂದರೆ ಹಾಲು ಒಡೆಸುವ ಕಿಣ್ವ. ಊರಿನಲ್ಲಿ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ಕೊಂಡು ಅಭ್ಯಾಸ, ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಯುರೋಪಿನಲ್ಲಿ ಹಾಲು ಒಡೆಸಲು ಹಳೆಯ ಕ್ರಮದ ರೆನೆಟ್ ಬರುವುದು ಇನ್ನೂ ತಾಯಿಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ. ಪಾರ್ಮಿಜಾನೊ ರೆಜ್ಜಾನೊ, ಕೊಂತೆ, ರೋಕ್‌ಫೋರ್ಟ್ ಇವುಗಳ ನಿಯಮದಲ್ಲೇ ಪ್ರಾಣಿಜನ್ಯ ರೆನೆಟ್ ಬರೆದಿದೆ, ಸಸ್ಯಾಹಾರಿ ಆವೃತ್ತಿ ಎಂಬುದಿಲ್ಲ. ಮೇಲೆ ಹೇಳಿದ ಲ್ವಾರ್ ಚೀಸ್‌ಗಳನ್ನೂ ಪ್ರಾಣಿಜನ್ಯವೆಂದೇ ತಿಳಿದು ನಡೆಯಿರಿ. ಫ್ರೆಂಚ್ ಲೇಬಲ್ಲಿನಲ್ಲಿ ‘ಪ್ರೆಜ್ಯೂರ್’ ಎಂದಿದ್ದರೆ ಪ್ರಾಣಿಯದು. ‘ಕೋಆಗ್ಯುಲಾಂ’ ಎಂದಷ್ಟೇ ಇದ್ದರೆ ಬೇರೆ ಮೂಲದ್ದಿರಬಹುದು, ಕೇಳಿಯೇ ಕೊಳ್ಳಬೇಕು. ಬ್ರಿಟನ್ನಿನಲ್ಲಿ ‘ಸೂಟಬಲ್ ಫಾರ್ ವೆಜಿಟೇರಿಯನ್ಸ್’ ಎಂಬ ಸಾಲನ್ನೋ ವಿ ಗುರುತನ್ನೋ ಹುಡುಕಿ. ನಿಮ್ಮ ಅತಿಥಿಗಳು ಮೊಟ್ಟೆಯನ್ನೂ ಮುಟ್ಟದವರಾದರೆ ಇನ್ನೊಂದು ಕಣ್ಣು ಬೇಕು: ಗ್ರಾನಾ ಪದಾನೊ ಥರದ ಕೆಲವು ಚೀಸ್‌ಗಳಿಗೆ ಲೈಸೋಜೈಮ್ ಹಾಕುತ್ತಾರೆ, ಅದು ಕೋಳಿಮೊಟ್ಟೆಯ ಬಿಳಿಯಿಂದ ತೆಗೆದದ್ದು, ಪಟ್ಟಿಯಲ್ಲಿ ಇ 1105 ಎಂದೂ ಇರಬಹುದು.

ಸಸ್ಯಾಹಾರಿಗಳಿಗೆ ಖುಷಿಯ ಸಂಗತಿಯೂ ಇದೆ. ಪೋರ್ಚುಗಲ್ಲಿನ ಸೆರ್ರಾ ದ ಎಸ್ತ್ರೇಲ, ಅಜೆಯ್ತಾಂವ್, ಸ್ಪೇನಿನ ತೋರ್ತಾ ದೆಲ್ ಕಸಾರ್ ಇವನ್ನು ಒಡೆಸುವುದು ಕಾರ್ಡೂನ್ ಎಂಬ ಮುಳ್ಳುಗಿಡದ ಒಣ ಹೂವಿನ ರಸದಿಂದ. ಕುರಿಹಾಲಿನವು, ಚಳಿಗಾಲದ ಹಾಲಿನಲ್ಲಿ ಮಾಡಿ ವಸಂತಕ್ಕೆ ಹದಕ್ಕೆ ಬರುವಂಥವು. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ತೆಗೆದು ಚಮಚದಲ್ಲಿ ತೋಡಿ ತಿನ್ನುವುದು. ಹೂವಿನ ಕಿಣ್ವದಿಂದ ಒಂದು ಸಣ್ಣ ಕಹಿ ಇರುತ್ತದೆ, ಅದು ದೋಷವಲ್ಲ, ಅದರ ಗುಣ. ಹಸಿ (ಪಾಶ್ಚೀಕರಿಸದ) ಹಾಲಿನವು ಎಂಬುದು ನೆನಪಿರಲಿ.

ಬಸುರಿಯವರ ವಿಷಯದಲ್ಲಿ ರಿಯಾಯಿತಿ ಬೇಡ. ಬಿಳಿ ಬೂಷ್ಟಿನ ಸಿಪ್ಪೆಯ ಮೆತ್ತನೆಯ ಚೀಸ್, ಮೆತ್ತನೆಯ ನೀಲಿ ಚೀಸ್, ಹಸಿ ಹಾಲಿನ ಮೆತ್ತನೆಯ ಚೀಸ್ ಇವು ಅವರಿಗೆ ಬೇಡ ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಲಹೆ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯ. ತೇವ ಹೆಚ್ಚು, ಹುಳಿ ಕಡಿಮೆ ಇರುವ ಕಡೆ ಅದು ಬೆಳೆಯುತ್ತದೆ, ಬೂಷ್ಟು ಮಾಗಿಸುತ್ತ ಹೋದಂತೆ ಸಿಪ್ಪೆಯ ಬಳಿ ಹುಳಿ ತಗ್ಗುತ್ತದೆ. ಚೆಡ್ಡಾರ್‌ನಂಥ ಗಟ್ಟಿ ಚೀಸ್, ಪಾಶ್ಚೀಕರಿಸಿದ ಹಾಲಿನ ಸಿಪ್ಪೆಯಿಲ್ಲದ ತಾಜಾ ಮೇಕೆ ಚೀಸ್ ತಿನ್ನಬಹುದು. ಅವರ ಪಾಲನ್ನು ಮೊದಲೇ ಬೇರೆ ಚಾಕುವಿನಲ್ಲಿ ಕತ್ತರಿಸಿ ಚಿಕ್ಕ ತಟ್ಟೆಯಲ್ಲಿ ಇಟ್ಟುಬಿಡಿ. ಬೋರ್ಡ್ ಮೇಲೆ ಚಾಕುಗಳು ಅದಲುಬದಲಾಗುವುದನ್ನು ಯಾರಿಂದಲೂ ತಡೆಯಲಾಗದು.

ಊಟದ ನಂತರ ಎಂದರೆ ತಲೆಗೆ 70-80 ಗ್ರಾಂ ಸಾಕು. ಚೀಸೇ ಊಟವಾದರೆ 150. ನಿಮ್ಮ ಬೋರ್ಡ್‌ಗೆ ನನ್ನ ಆಯ್ಕೆ ಹೀಗೆ. ವಿಲ್ಟ್‌ಶೈರ್‌ನ ರೋಸರಿ ತಾಜಾ ಮೇಕೆ ಚೀಸ್ 150 ಗ್ರಾಂ: ಪಾಶ್ಚೀಕರಿಸಿದ ಹಾಲು, ಸಸ್ಯಾಹಾರಿ ರೆನೆಟ್, ಹತ್ತೂ ಜನರಿಗೆ ನಡೆಯುತ್ತದೆ. ಬರ್ಕ್‌ಶೈರ್‌ನ ವಿಗ್ಮೋರ್ 150 ಗ್ರಾಂ: ಕುರಿಹಾಲು, ಬಿಳಿ ಸಿಪ್ಪೆ, ಸಸ್ಯಾಹಾರಿಗಳಿಗೆ ಸರಿ, ಬಸುರಿಯವರಿಗೆ ಬೇಡ. ಬ್ರೀ ಜಾಗವನ್ನು ಇದು ಚೆನ್ನಾಗಿಯೇ ತುಂಬುತ್ತದೆ. ಕಾರ್ನ್‌ವಾಲ್‌ನ ಯಾರ್ಗ್ 150 ಗ್ರಾಂ, ನೆಟಲ್ (ತುರಿಕೆ ಗಿಡ) ಎಲೆಯದಲ್ಲ, ಕಾಡುಬೆಳ್ಳುಳ್ಳಿ ಎಲೆ ಸುತ್ತಿದ್ದು. ಇದು ವರ್ಷವಿಡೀ ಸಿಗುತ್ತದೆ, ಆದರೂ ಕಾಡಿನಲ್ಲಿ ಆ ಎಲೆ ಘಮಘಮಿಸುವ ತಿಂಗಳಲ್ಲಿ ಬೋರ್ಡ್ ಮೇಲೆ ಇದಿಲ್ಲದಿದ್ದರೆ ಏನೋ ಕೊರತೆ. ಇದೂ ಸಸ್ಯಾಹಾರಿಯೇ, ಸಿಪ್ಪೆಯ ಮೇಲೆ ಬೂಷ್ಟು ಇರುವುದರಿಂದ ಬಸುರಿಯವರಿಗೆ ಕೊಡದಿದ್ದರೇ ನೆಮ್ಮದಿ. ಕೊನೆಗೆ ಸಸ್ಯಾಹಾರಿ ಗುರುತಿರುವ ಗಟ್ಟಿ ಚೆಡ್ಡಾರ್ 180 ಗ್ರಾಂ. ಇಲ್ಲೂ ಲೆಕ್ಕ ಹಾಕಿ: ಹತ್ತು ತಿಂಗಳದ್ದೋ 22 ತಿಂಗಳದ್ದೋ ಸಿಕ್ಕರೆ ಅದು ಜೂನ್ ಹಾಲು. ಸೂಪರ್‌ಮಾರ್ಕೆಟ್ ಚೆಡ್ಡಾರ್ ಬಹುಪಾಲು ಸಸ್ಯಾಹಾರಿ. ಬಟ್ಟೆ ಸುತ್ತಿ ಮಾಗಿಸುವ ಸಾಂಪ್ರದಾಯಿಕ ಸೊಮರ್ಸೆಟ್ ಚೆಡ್ಡಾರ್‌ಗಳಲ್ಲಿ ಹಲವು ಅಲ್ಲ. ರೆನೆಟ್ ವಿಷಯದಲ್ಲಿ ತಕರಾರಿಲ್ಲದವರಿಗೆ ಬೇರೆ ತಟ್ಟೆಯಲ್ಲಿ, ಬೇರೆ ಚಾಕುವಿನೊಂದಿಗೆ, ಒಂದು ಸೆಲ್ ಸ್ಯುರ್ ಶೇರ್. ಒಟ್ಟು 780 ಗ್ರಾಂ. ಆರನೆಯದು ಬೇಡ. ಬಗೆ ಹೆಚ್ಚಿದಷ್ಟೂ ತುಂಡು ಚಿಕ್ಕದಾಗಿ ಬೇಗ ಒಣಗುತ್ತದೆ. ತಯಾರಕರು ಆಗಾಗ ರೆನೆಟ್ ಬದಲಿಸುವುದುಂಟು, ಆದ್ದರಿಂದ ಕೊಳ್ಳುವ ದಿನ ಲೇಬಲ್ ಮತ್ತೊಮ್ಮೆ ಓದಿ.

ಗುರುವಾರವೋ ಶುಕ್ರವಾರವೋ ಕೊಳ್ಳಿ. ಮೆತ್ತನೆಯವನ್ನು ಮೇಣದ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ನ ತರಕಾರಿ ಡ್ರಾಯರ್‌ಗೆ ಸೇರಿಸಿ. ಪ್ಲಾಸ್ಟಿಕ್ ಹಾಳೆ ಬಿಗಿದರೆ ಬೆವೆತು ಸಿಪ್ಪೆ ಲೋಳೆಯಾಗುತ್ತದೆ. ಬಡಿಸುವ ಒಂದೂವರೆ ಗಂಟೆ ಮೊದಲು ಚೆಡ್ಡಾರ್, ಒಂದು ಗಂಟೆ ಮೊದಲು ಯಾರ್ಗ್ ಮತ್ತು ವಿಗ್ಮೋರ್, ಅರ್ಧ ಗಂಟೆ ಮೊದಲು ಮೇಕೆ ಚೀಸ್ ಹೊರಗೆ ತೆಗೆಯಿರಿ. ಒದ್ದೆ ಬಟ್ಟೆ ಹಿಂಡಿ ಮೇಲೆ ಹೊದಿಸಿದರೆ ಅಂಚು ಒಣಗದು. ಎಲ್ಲ ಸೇರಿ ನಾಲ್ಕು ಗಂಟೆಗಿಂತ ಹೆಚ್ಚು ಹೊರಗಿರಬಾರದು.

ಬಿಲ್ಲೆ, ಪಿರಮಿಡ್‌ಗಳನ್ನು ನಡುವಿನಿಂದ ಅಂಚಿಗೆ ತ್ರಿಕೋನವಾಗಿ ಕತ್ತರಿಸಬೇಕು. ಪ್ರತಿ ತುಂಡಿಗೂ ಸಿಪ್ಪೆ, ತಿರುಳು ಎರಡೂ ಬರಬೇಕು. ವಿಗ್ಮೋರ್‌ನ ಚೂಪು ಮೂತಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಒಬ್ಬರಿಗೆ ತಿರುಳೆಲ್ಲ, ಕೊನೆಯವರಿಗೆ ಬರೀ ಸಿಪ್ಪೆ. ಸೇಂಟ್ ಮೋರ್ ತಂದರೆ ಕಡ್ಡಿಯನ್ನು ಮೊದಲು ಎಳೆದು ತೆಗೆಯಿರಿ, ಆಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ. ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿಕೊಂಡರೆ ಅಂಟುವುದಿಲ್ಲ.

ಜೊತೆಗೆ ಏನಿಡುವುದು? ಅಂಜೂರದ ಚಟ್ನಿ, ಒಣದ್ರಾಕ್ಷಿಗಳು ಚಳಿಗಾಲದವು, ಈ ಚೀಸ್‌ಗಳಿಗೆ ಭಾರ. ವಾಲ್‌ನಟ್ ಬೇಕೆನಿಸಿದರೆ ಮೊದಲು ಒಂದನ್ನು ಕಚ್ಚಿ ನೋಡಿ, ಹೋದ ಶರತ್ಕಾಲದ್ದು ಈ ಹೊತ್ತಿಗೆ ಕಮಟಾಗಿರಬಹುದು. ಎಳೆ ಮೂಲಂಗಿ ಇಡಿ. ಇಂಗ್ಲಿಷ್ ಆಸ್ಪರಾಗಸ್ ಏಪ್ರಿಲ್ 23ರ ಸುಮಾರಿಗೆ ಶುರುವಾಗುವುದು ವಾಡಿಕೆ, ಸಿಕ್ಕರೆ ಎರಡು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಿ ತೆಗೆಯಿರಿ. ರೋಮ್‌ನಲ್ಲಿ ಮೇ 1ರಂದು ಎಳೆ ಬ್ರಾಡ್ ಬೀನ್ಸನ್ನು ಹಸಿಯಾಗಿಯೇ ಪೆಕೊರಿನೊ ಎಂಬ ಕುರಿಹಾಲಿನ ಚೀಸ್ ಜೊತೆ ತಿನ್ನುತ್ತಾರೆ, ಸೊಗಸಾದ ಜೋಡಿ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಕಾಳು ಅಪಾಯ, ಕೇಳದೆ ಬಡಿಸಬೇಡಿ.

ಮೇಕೆ ಚೀಸ್‌ಗೆ ರೂಬಾರ್ಬ್ (ಹುಳಿ ದಂಟಿನ ಗಿಡ) ಗೊಜ್ಜು ಬಹಳ ಹೊಂದುತ್ತದೆ. ದಂಟು 300 ಗ್ರಾಂ, ಬೆಲ್ಲದ ಪುಡಿ 90 ಗ್ರಾಂ, ಚಿಟಿಕೆ ಉಪ್ಪು. ನೀರು ಹಾಕಬೇಡಿ, ದಂಟೇ ಬಿಡುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿ ಏಳೆಂಟು ನಿಮಿಷ, ಆಮೇಲೆ ಮುಚ್ಚಳ ತೆಗೆದು ಗಟ್ಟಿಯಾಗುವವರೆಗೆ. ಬಯಲಿನ ರೂಬಾರ್ಬ್ ಹೆಚ್ಚು ಹುಳಿ, ರುಚಿ ನೋಡಿ ಬೆಲ್ಲ ಏರಿಸಿ. ಎಲೆ ವಿಷ, ಕಸಕ್ಕೆ ಹಾಕಿ. ಒಗ್ಗರಣೆ ಬೇಡ, ಇಂಗು ಸಾಸಿವೆ ಮೇಕೆ ಚೀಸ್‌ನ ತಿಳಿ ಹುಳಿಯನ್ನು ನುಂಗಿಬಿಡುತ್ತವೆ. ಮಾವಿನ ಉಪ್ಪಿನಕಾಯಿ ಚೆಡ್ಡಾರ್‌ಗೆ ಮಾತ್ರ. ಬಿಸ್ಕತ್ತು ಸಾದಾ ಓಟ್‌ಕೇಕ್ ಇರಲಿ, ಮೆಂತ್ಯದ ಖಾಕ್ರಾ ಇನ್ನೊಂದು ದಿನಕ್ಕೆ.

ಕಾಡುಬೆಳ್ಳುಳ್ಳಿ ಎಲೆಯನ್ನು ನೀವೇ ಕಿತ್ತು ಅಲಂಕಾರಕ್ಕೆ ಇಡುವುದಾದರೆ ಒಂದೊಂದೇ ಎಲೆ ನೋಡಿ ಕೀಳಿ. ಲಿಲಿ ಆಫ್ ದ ವ್ಯಾಲಿ ಎಲೆ ಹಾಗೆಯೇ ಕಾಣುತ್ತದೆ, ಅದು ವಿಷ. ಬರೀ ವಾಸನೆ ನಂಬಬೇಡಿ, ನಾಲ್ಕು ಎಲೆ ಕಿತ್ತ ಮೇಲೆ ಕೈಯೇ ಬೆಳ್ಳುಳ್ಳಿ ನಾರುತ್ತಿರುತ್ತದೆ. ಗುರುತು ಖಚಿತವಿಲ್ಲದಿದ್ದರೆ ಅಂಗಡಿಯಿಂದಲೇ ತನ್ನಿ.