ಮ್ಯೂನಿಕ್‌ನ ಕೊಠಡಿಗೆ ಹಾಸನದಿಂದ ಅರ್ಜಿ ಹಾಕುವ ಕುರಿತು

ಓದಲು ಜರ್ಮನಿಯ ಮ್ಯೂನಿಕ್‌ಗೆ ಹೊರಟಿರುವ ನೀವು, ಬಾಡಿಗೆ ಕೊಠಡಿ ಕೇಳಿ ಜಾಹೀರಾತುದಾರರಿಗೆ ಕಳುಹಿಸಿದ 40 ಸಂದೇಶಗಳಿಗೆ ಒಬ್ಬರ ಹೊರತು ಯಾರೂ ಉತ್ತರಿಸದಿರಲು ಬಹುಶಃ ಕಾರಣ, ಎಲ್ಲರಿಗೂ ಒಂದೇ ಇಂಗ್ಲಿಷ್ ಒಕ್ಕಣೆ ಹೋಗಿರುವುದು. ಅದನ್ನು ಓದದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಮುಂಗಡ ಕೊಟ್ಟರೆ ಕೀಲಿಯನ್ನು ಕೊರಿಯರ್ ಮಾಡುತ್ತೇನೆಂದ ಆ ಒಬ್ಬರಿಗೆ ಮಾತ್ರ ದಯವಿಟ್ಟು ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನನ್ನ ತಮ್ಮನಿಗೂ ಇಂಥದೇ ಪತ್ರ ಬಂದಿತ್ತು. ಕೊಠಡಿಯ ಚಿತ್ರದಲ್ಲಿದ್ದ ಪ್ಲಗ್ ಪಾಯಿಂಟ್‌ಗೆ ಜರ್ಮನಿಯಲ್ಲಿರುವಂತೆ ಎರಡು ದುಂಡನೆಯ ತೂತುಗಳಿರದೆ, ಬ್ರಿಟನ್ನಿನ ಮೂರು ಚಪ್ಪಟೆ ತೂತುಗಳಿದ್ದವು; ಅದರಿಂದಲೇ ಅದು ಮೋಸವೆಂದು ತಿಳಿಯಿತು.

ಮೊದಲು ವಿದ್ಯಾರ್ಥಿಗಳಿಗೆ ವಸತಿ ಒದಗಿಸುವ ಸಂಸ್ಥೆಯಾದ ಸ್ಟುಡೀರೆಂಡನ್‌ವೆರ್ಕ್‌ನ ಹಾಸ್ಟೆಲ್‌ಗೆ ಇಂದೇ ಅರ್ಜಿ ಹಾಕಿ; ಸೆಮಿಸ್ಟರ್‌ಗಟ್ಟಲೆ ಕಾಯಬೇಕಾದರೂ ಹೆಸರು ಸರದಿಯಲ್ಲಿರಲಿ. ಅನಂತರ ಕೆಲವೇ ತಿಂಗಳ ಮಟ್ಟಿಗೆ ಬಿಟ್ಟುಕೊಡುವ, 'ತ್ಸ್ವಿಷೆನ್‌ಮೀಟೆ' ಎನ್ನುವ ಕೊಠಡಿಗಳನ್ನು ಹುಡುಕಿ. ಪ್ರತಿ ಜಾಹೀರಾತಿನ ಯಾವುದಾದರೊಂದು ವಿವರವನ್ನು ಹೆಸರಿಸಿ, ಜರ್ಮನ್‌ನಲ್ಲಿ ನಾಲ್ಕು ಸಾಲು ಬರೆದು, ವಿಡಿಯೊ ಕರೆಗೆ ಸಮಯ ಕೇಳಿ. ಹತ್ತಿರದ ಫ್ರೈಸಿಂಗ್ ಪಟ್ಟಣವನ್ನೂ ಬಿಡಬೇಡಿ. ನಮ್ಮ ಹಾಸನದಿಂದ ಹೊಳೆನರಸೀಪುರ ಎಷ್ಟು ದೂರವೋ ಮ್ಯೂನಿಕ್‌ನಿಂದ ಅದೂ ಸುಮಾರು ಅಷ್ಟೇ ದೂರವಿದ್ದು, ನೇರ ರೈಲಿದೆ.

ಒಪ್ಪಂದಕ್ಕೆ ಮುನ್ನ, ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಲು ಬೇಕಾದ ದೃಢೀಕರಣ ಪತ್ರವನ್ನು ಮಾಲೀಕರು ಕೊಡುವರೇ ಎಂದು ಲಿಖಿತವಾಗಿ ಕೇಳಿ. ಠೇವಣಿಯು ಇತರ ವೆಚ್ಚಗಳನ್ನು ಬಿಟ್ಟ ಮೂಲ ಬಾಡಿಗೆಯ 3 ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಅದನ್ನು 3 ಮಾಸಿಕ ಕಂತುಗಳಲ್ಲಿ, ಬಾಡಿಗೆ ಆರಂಭವಾದಾಗಿನಿಂದ ಕಟ್ಟುವ ಹಕ್ಕು ಅಲ್ಲಿನ ಕಾನೂನಿನಲ್ಲಿ ನಿಮಗಿದೆ.